ಕೆರೆಗೂ ಬೇಕು ಖಾಲಿ ಜಾಗ: ಕಾರವಾರ, ಅಂಕೋಲಾ ಬಡಾವಣೆಗಳ ಮಳೆನೀರಿನ ಲೆಕ್ಕ

ಕಾರವಾರ: ಕೆರೆ ತುಂಬಿ ಕೋಡಿ ಬಿದ್ದರೆ ನಾಡಿಗೆ ಸಂಭ್ರಮ. ತುಂಬಿದ ಕೆರೆಗೆ ಬಾಗಿನ ಅರ್ಪಿಸುವುದು ಬಯಲುಸೀಮೆಯ ಹಳೆಯ ಸಂಪ್ರದಾಯ. ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಅದು ಸಹಜವೂ ಹೌದು. ಆದರೆ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕೇ ತಿಂಗಳಲ್ಲಿ ಪಡೆಯುವ ಕರಾವಳಿಯ ಲೆಕ್ಕಾಚಾರ ಬೇರೆ. ಜೂನ್ ಅಂತ್ಯಕ್ಕೇ ಕಂಠಮಟ್ಟ ತುಂಬಿ ನಿಂತ ಕೆರೆ, ಜುಲೈ ತಿಂಗಳ ಮಹಾಮಳೆಯ ದಿನ ಪಕ್ಕದ ಬಡಾವಣೆಗೆ ಯಾವ ನೆರವನ್ನೂ ನೀಡಲಾರದು. ಬಂದ ನೀರನ್ನೆಲ್ಲ ಅದು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ.

ನೆರೆಯನ್ನು ತಗ್ಗಿಸುವುದು ಕೆರೆಯಲ್ಲಿರುವ ನೀರಲ್ಲ, ಕೆರೆಯಲ್ಲಿ ಉಳಿದಿರುವ ಖಾಲಿ ಜಾಗ. ಕಾರವಾರ ಮತ್ತು ಅಂಕೋಲಾ ಪಟ್ಟಣಗಳ ಹೊರವಲಯ ವೇಗವಾಗಿ ಬೆಳೆಯುತ್ತಿರುವಾಗ ಈ ಸರಳ ಸಂಗತಿ ಮಹತ್ವ ಪಡೆದುಕೊಳ್ಳುತ್ತದೆ. ಬಡಾವಣೆಯ ಕೆರೆಯೊಂದು ನೆರೆಯನ್ನು ಹೇಗೆ ತಗ್ಗಿಸುತ್ತದೆ, ಜೀವಿಗಳಿಗೆ ಹೇಗೆ ನೆಲೆಯಾಗುತ್ತದೆ, ಅದರ ಮಿತಿಗಳೇನು, ಕಾನೂನು ಎಲ್ಲಿ ನಿಂತಿದೆ ಎಂಬುದರ ವಿವರ ಇಲ್ಲಿದೆ.

ಬೆಟ್ಟ ಮತ್ತು ಕಡಲಿನ ನಡುವೆ

ಸಹ್ಯಾದ್ರಿಯ ಕವಲುಗಳು ಸಮುದ್ರದ ಅಂಚಿನವರೆಗೂ ಬಂದು ನಿಲ್ಲುವ ಕೆಲವೇ ತಾಣಗಳಲ್ಲಿ ಕಾರವಾರವೂ ಒಂದು. ಉತ್ತರದಲ್ಲಿ 184 ಕಿಲೋಮೀಟರ್ ಹರಿದು ಬರುವ ಕಾಳಿ ನದಿ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಡಲು ಸೇರುತ್ತದೆ. ದಕ್ಷಿಣದಲ್ಲಿ, ಧಾರವಾಡದ ಬಳಿ ಹುಟ್ಟುವ ಬೇಡ್ತಿ ನದಿಯು ಗಂಗಾವಳಿ ಎಂಬ ಹೆಸರು ಪಡೆದು ಅಂಕೋಲಾ ತಾಲ್ಲೂಕಿನ ಮಂಜಗುಣಿ ಬಳಿ ಸಮುದ್ರಕ್ಕೆ ಇಳಿಯುತ್ತದೆ. ಈ ಎರಡು ದೊಡ್ಡ ನದಿಗಳ ನಡುವೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಅವರ್ಸಾ, ಹಟ್ಟಿಕೇರಿ ಮುಂತಾದ ಕಡೆ ಬೆಟ್ಟದಿಂದ ಇಳಿದು ನೇರವಾಗಿ ಕಡಲಿಗೆ ಓಡುವ ಹಳ್ಳಗಳಿವೆ. ಇವುಗಳ ಹರಿವಿನ ದೂರ ಬಹಳ ಕಡಿಮೆ. ಆದ್ದರಿಂದ ಬೆಟ್ಟದ ಮೇಲೆ ಬಿದ್ದ ಮಳೆ ಕೆಲವೇ ತಾಸುಗಳಲ್ಲಿ ಬಯಲಿಗೆ ಬಂದು ಮುಟ್ಟುತ್ತದೆ.

ಹೀಗೆ ಬಂದ ನೀರಿಗೆ ಕಡಲಿನ ದಾರಿ ಸದಾ ತೆರೆದಿರುವುದಿಲ್ಲ. ಈ ತೀರದಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಸುಮಾರು ಎರಡು ಮೀಟರ್‌ವರೆಗೆ ಇರುತ್ತದೆ. ಉಬ್ಬರದ ಹೊತ್ತಿಗೆ ಸರಿಯಾಗಿ ಬೆಟ್ಟದ ನೀರು ಬಂದರೆ ಹಳ್ಳದ ಬಾಯಿಯಲ್ಲಿ ಕಡಲೇ ಅಡ್ಡ ನಿಲ್ಲುತ್ತದೆ. ಆಗ ನೀರು ಹಿಂದಕ್ಕೆ ಸರಿದು ತಗ್ಗು ಪ್ರದೇಶವನ್ನು ಹುಡುಕುತ್ತದೆ.

ನೈಸರ್ಗಿಕವಾದ ಈ ಇಕ್ಕಟ್ಟಿಗೆ ಮನುಷ್ಯನ ಕಾಮಗಾರಿಗಳೂ ಸೇರಿಕೊಂಡಿವೆ. ಬೆಟ್ಟದ ಬುಡ ಮತ್ತು ತೀರದ ನಡುವಣ ಕಿರುಪಟ್ಟಿಯನ್ನು 1998ರಲ್ಲಿ ಪೂರ್ಣಪ್ರಮಾಣದಲ್ಲಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗ ಹಾದುಹೋಗಿದೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ ಅಗಲಗೊಂಡಿದೆ. ಅರಗಾದಲ್ಲಿ ಸೀಬರ್ಡ್ ಯೋಜನೆಯ ನೌಕಾನೆಲೆ 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದೆ. ಎತ್ತರಿಸಿದ ಮಣ್ಣಿನ ದಿಬ್ಬವಿರಲಿ, ಆವರಣ ಗೋಡೆಯಿರಲಿ, ನೀರು ದಾಟಬೇಕಾದುದು ಅಡಿಯಲ್ಲಿ ಬಿಟ್ಟಿರುವ ಮೋರಿಗಳ ಮೂಲಕವೇ. ಮೊದಲು ಗದ್ದೆಯ ಮೇಲೆ ಹರಡಿಕೊಂಡು ಸಾಗುತ್ತಿದ್ದ ನೀರು ಈಗ ಕೆಲವೇ ಕಿಂಡಿಗಳನ್ನು ಹುಡುಕಿಕೊಂಡು ಹೋಗಬೇಕಾಗಿದೆ. 2024ರ ಜುಲೈ ಮಳೆಯಲ್ಲಿ ಅರಗಾ, ಚೆಂಡಿಯಾ ಭಾಗದ ಮನೆಗಳಿಗೆ ನೀರು ನುಗ್ಗಿದಾಗ, ನೀರು ಕಡಲಿಗೆ ಹೋಗುವ ದಾರಿ ಕಿರಿದಾಗಿದೆ ಎಂಬುದೇ ಗ್ರಾಮಸ್ಥರ ಪ್ರಮುಖ ದೂರಾಗಿತ್ತು.

ಹೆಸರಿನಲ್ಲಷ್ಟೇ ಉಳಿದ ಗದ್ದೆ

ಊರಿನ ಹೆಸರುಗಳೇ ಎಷ್ಟೋ ವೇಳೆ ನೀರಿನ ಇತಿಹಾಸ ಹೇಳುತ್ತವೆ. ಕಾರವಾರದ ನಂದನಗದ್ದಾ, ಅಂಕೋಲೆಯ ಕನಸೆಗದ್ದೆ, ಅಜ್ಜಿಕಟ್ಟಾ ಎಂಬ ಹೆಸರುಗಳಲ್ಲಿ ಗದ್ದೆಯೂ ಕಟ್ಟೆಯೂ ಇವೆ. ನೆಲದ ಮೇಲೆ ಮಾತ್ರ ಮನೆ, ಅಂಗಡಿ, ಕಾಂಕ್ರೀಟು ರಸ್ತೆಗಳ ಸಾಲು. ಭತ್ತದ ಗದ್ದೆ ಅನ್ನ ಕೊಡುವ ಜಮೀನು ಎಂದಷ್ಟೇ ಭಾವಿಸಿದ್ದರಿಂದ, ಬೇಸಾಯ ಲಾಭದಾಯಕವಲ್ಲ ಎಂದಾದ ಕೂಡಲೇ ಅದನ್ನು ಮಣ್ಣು ತುಂಬಿ ನಿವೇಶನ ಮಾಡುವುದು ಸಲೀಸಾಯಿತು. ಗದ್ದೆ ಸದ್ದಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸ ಯಾರ ಲೆಕ್ಕಕ್ಕೂ ಬರಲಿಲ್ಲ.

ಆ ಕೆಲಸವನ್ನು ಅಂಕಿಗಳಲ್ಲಿ ಹೀಗೆ ನೋಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹತ್ತು ಎಕರೆ ಗದ್ದೆಯ ಬದು 25 ಸೆಂಟಿಮೀಟರ್ ಎತ್ತರವಿದ್ದು, ಅದರಲ್ಲಿ ಈಗಾಗಲೇ 10 ಸೆಂಟಿಮೀಟರ್ ನೀರು ನಿಂತಿದೆ ಎಂದು ಭಾವಿಸಿದರೂ ಇನ್ನು 15 ಸೆಂಟಿಮೀಟರ್ ಜಾಗ ಉಳಿದಿರುತ್ತದೆ. ಅಂದರೆ ಸುಮಾರು 61 ಲಕ್ಷ ಲೀಟರ್ ನೀರನ್ನು ಆ ಗದ್ದೆ ತಡೆದು ನಿಲ್ಲಿಸಿಕೊಂಡು, ನಿಧಾನವಾಗಿ ಕೆಳಗಿನ ಹಳ್ಳಕ್ಕೆ ಬಿಡಬಲ್ಲದು.

ಅದೇ ಹತ್ತು ಎಕರೆಗೆ ಕೆಂಪು ಮಣ್ಣು ಸುರಿದು, ರಸ್ತೆ ಹಾಕಿ, ಮನೆ ಕಟ್ಟಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಹವಾಮಾನ ಇಲಾಖೆಯು 24 ತಾಸುಗಳಲ್ಲಿ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರಿ ಮಳೆ ಎಂದು ವರ್ಗೀಕರಿಸಿದೆ. ಕರಾವಳಿಗೆ ಇದು ಅಪರಿಚಿತ ಪ್ರಮಾಣವಲ್ಲ. 200 ಮಿಲಿಮೀಟರ್ ಮಳೆಯಾದರೆ ಹತ್ತು ಎಕರೆಯ ಮೇಲೆ ಬೀಳುವ ನೀರು ಸುಮಾರು 81 ಲಕ್ಷ ಲೀಟರ್. ಚಾವಣಿ ಮತ್ತು ಕಾಂಕ್ರೀಟಿನಿಂದ ಅದರಲ್ಲಿ ನೂರಕ್ಕೆ 80 ಪಾಲು ಹರಿದುಹೋದರೂ 65 ಲಕ್ಷ ಲೀಟರ್ ಚರಂಡಿಗೆ ಇಳಿಯುತ್ತದೆ. ತಡೆದು ನಿಲ್ಲಿಸುತ್ತಿದ್ದ ಬದು ಇಲ್ಲ. ಇಂಗುತ್ತಿದ್ದ ನೆಲವೂ ಇಲ್ಲ.

ಇದರ ಪರಿಣಾಮ ಹೊಸ ಬಡಾವಣೆಯಲ್ಲಿ ಕಾಣುವುದು ಕಡಿಮೆ. ಮೂರ್ನಾಲ್ಕು ಅಡಿ ಮಣ್ಣು ತುಂಬಿ ಎತ್ತರಿಸಿದ ನಿವೇಶನ ಒಣಗಿಯೇ ಇರುತ್ತದೆ. ಅಲ್ಲಿಂದ ದೂಡಲ್ಪಟ್ಟ ನೀರು ನೆಲಮಟ್ಟದಲ್ಲಿಯೇ ಉಳಿದ ಹಳೆಯ ಮನೆಗಳಿಗೆ ನುಗ್ಗುತ್ತದೆ. ಹಲವು ತಲೆಮಾರಿನಿಂದ ನೀರು ಕಾಣದಿದ್ದ ಅಂಗಳಕ್ಕೆ ಒಂದು ಮಳೆಗಾಲದಲ್ಲಿ ನೀರು ಬಂದರೆ, ಕಾರಣವನ್ನು ಮುಗಿಲಿನಲ್ಲಿ ಮಾತ್ರ ಹುಡುಕಿದರೆ ಸಾಲದು. ನೆರೆಹೊರೆಯವರ ನಡುವೆ ಮನಸ್ತಾಪ ಹುಟ್ಟುವುದೂ ಇಲ್ಲಿಯೇ.

ಗಜನಿ ಕಲಿಸುವ ಪಾಠ

ನೀರಿಗೆ ಜಾಗ ಬಿಟ್ಟು ಬದುಕುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ ನದಿಗಳ ಅಳಿವೆಗಳ ಅಂಚಿನಲ್ಲಿರುವ ಗಜನಿ ಭೂಮಿ ಇದಕ್ಕೆ ಸಾಕ್ಷಿ. ಉಬ್ಬರದ ಉಪ್ಪುನೀರು ಬಂದು ಹೋಗುವ ಈ ತಗ್ಗು ಗದ್ದೆಗಳಿಗೆ ಸುತ್ತ ಮಣ್ಣಿನ ಬಾಂದು ಕಟ್ಟಿ, ನಡುವೆ ಜಂತ್ರಡಿ ಎಂದು ಕರೆಯಲಾಗುವ ಹಲಗೆ ಬಾಗಿಲುಗಳನ್ನು ಇಡಲಾಗುತ್ತದೆ. ಮುಂಗಾರಿನಲ್ಲಿ ಬೆಟ್ಟದ ಸಿಹಿನೀರು ಬಂದು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಬಾಗಿಲು ತೆರೆದು ಹೆಚ್ಚುವರಿ ನೀರನ್ನು ಹೊರಬಿಡುತ್ತಾರೆ, ಉಬ್ಬರದಲ್ಲಿ ಮುಚ್ಚುತ್ತಾರೆ. ಉಪ್ಪನ್ನೂ ಜವಳನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಇಲ್ಲಿಯ ಬೆಳೆ. ಕೊಯ್ಲಿನ ನಂತರ ಅದೇ ಬಾಗಿಲಿನಿಂದ ಉಬ್ಬರದ ನೀರನ್ನು ಒಳಬಿಟ್ಟು, ಇಳಿತದಲ್ಲಿ ಬಲೆ ಕಟ್ಟಿ ಸಿಗಡಿ, ಮೀನು ಹಿಡಿಯುತ್ತಾರೆ.

ಉತ್ತರ ಕನ್ನಡವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ, ಇಂತಹ ಭೂಮಿಯ ರಕ್ಷಣೆಗಾಗಿ ಮುಂಬಯಿ ಸರಕಾರ 1948ರಲ್ಲಿ ರೂಪಿಸಿದ ಖಾರ್‌ಲ್ಯಾಂಡ್ ಕಾಯ್ದೆ ಈ ಜಿಲ್ಲೆಗೂ ಸಂಬಂಧಿಸಿತ್ತು. ಉಪ್ಪುನೀರು ತಡೆಯುವ ಕಟ್ಟುಗಳಿಗೆ ಇಂದಿಗೂ ಜನ ಖಾರ್‌ಲ್ಯಾಂಡ್ ಬಾಂದು ಎಂದೇ ಹೇಳುತ್ತಾರೆ.

ಗಜನಿಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ನೀರನ್ನು ಹಿಡಿದಿಡುವಷ್ಟೇ ಸಕಾಲದಲ್ಲಿ ಬಿಡುವುದೂ ಮುಖ್ಯ. ಎರಡನೆಯದು, ಕಡಲಿನ ಏರಿಳಿತವನ್ನು ನೋಡಿಯೇ ಬಾಗಿಲು ನಡೆಸಬೇಕು. ಮೂರನೆಯದು, ಬಾಗಿಲು ಕಾಯಲು ಒಬ್ಬ ಹೊಣೆಗಾರ ಬೇಕು. ಇಂದಿನ ಬಡಾವಣೆಯ ಕೆರೆಗೂ ಈ ಮೂರು ನಿಯಮಗಳು ಯಥಾವತ್ತಾಗಿ ಅನ್ವಯಿಸುತ್ತವೆ.

ಎರಡು ಮಟ್ಟದ ಕೆರೆ

ನೆರೆ ತಗ್ಗಿಸಲು ವಿನ್ಯಾಸಗೊಳಿಸಿದ ಕೆರೆಗೆ ಎರಡು ನೀರಿನ ಮಟ್ಟಗಳಿರುತ್ತವೆ. ಕೆಳಗಿನದು ವರ್ಷದ ಬಹುಕಾಲ ನಿಲ್ಲುವ ನೀರು; ಮೀನು, ಕಪ್ಪೆ, ಹಕ್ಕಿಗಳಿಗೆ ಆಧಾರವಾಗುವುದು ಇದೇ. ಅದರ ಮೇಲಿನ ಭಾಗ ಮಹಾಮಳೆಗೆಂದು ಮೀಸಲಿಟ್ಟ ಖಾಲಿ ಜಾಗ. ಕೆಳಮಟ್ಟದಲ್ಲಿ ಒಂದು ಕಿರಿದಾದ ತೂಬು ಇರುತ್ತದೆ. ಮಳೆ ಜೋರಾದಾಗ ಒಳಬರುವ ನೀರು ತೂಬಿನಿಂದ ಹೊರಹೋಗುವುದಕ್ಕಿಂತ ಹೆಚ್ಚಾಗಿ ಕೆರೆಯ ಮಟ್ಟ ಏರುತ್ತದೆ. ಮಳೆ ಬಿಟ್ಟ ಮೇಲೆ ಒಂದೆರಡು ದಿನಗಳಲ್ಲಿ ನೀರು ತಾನಾಗಿ ಕೆಳಮಟ್ಟಕ್ಕೆ ಇಳಿದು, ಮುಂದಿನ ಮಳೆಗೆ ಜಾಗ ಸಿದ್ಧವಾಗುತ್ತದೆ. ಎಲ್ಲ ಮಿತಿ ಮೀರಿದ ಮಳೆಗೆಂದು ಮೇಲ್ಮಟ್ಟದಲ್ಲಿ ಅಗಲವಾದ ಕೋಡಿ ಇರಬೇಕು. ಇಲ್ಲವಾದರೆ ಏರಿ ಒಡೆದು ಅಪಾಯವಾದೀತು.

ಹಿಂದಿನ ಉದಾಹರಣೆಯನ್ನೇ ಮುಂದುವರಿಸುವುದಾದರೆ, ಹತ್ತು ಎಕರೆ ಬಡಾವಣೆಯಲ್ಲಿ ಒಂದು ಎಕರೆಯ ಕೆರೆಗೆ ಒಂದೂವರೆ ಮೀಟರ್ ಖಾಲಿ ಎತ್ತರ ಬಿಟ್ಟರೆ ಅದರ ಧಾರಣಶಕ್ತಿ ಸುಮಾರು 61 ಲಕ್ಷ ಲೀಟರ್. ಅಂದರೆ ಕಳೆದುಹೋದ ಗದ್ದೆ ಹಿಡಿಯುತ್ತಿದ್ದಷ್ಟೇ ನೀರು. 200 ಮಿಲಿಮೀಟರ್ ಮಳೆ ಆರೇ ತಾಸಿನಲ್ಲಿ ಸುರಿದರೆ ಕೆರೆಯಿಲ್ಲದ ಬಡಾವಣೆಯಿಂದ ಸೆಕೆಂಡಿಗೆ ಸರಾಸರಿ 300 ಲೀಟರ್ ನೀರು ಹೊರಗಿನ ಚರಂಡಿಗೆ ಧುಮ್ಮಿಕ್ಕುತ್ತದೆ. ಕೆರೆ ತುಂಬಿಕೊಂಡು 36 ತಾಸುಗಳಲ್ಲಿ ಬಿಟ್ಟರೆ ಅದೇ ಹರಿವು ಸೆಕೆಂಡಿಗೆ 47 ಲೀಟರ್ ಆಸುಪಾಸಿಗೆ ಇಳಿಯುತ್ತದೆ. ಉಬ್ಬರದ ವೇಳೆ ಬಾಗಿಲು ಅರ್ಧ ಕಾಲ ಮುಚ್ಚಿಯೇ ಇರಬೇಕಾಗಿ ಬಂದರೂ, ತೆರೆದಾಗ ಇದರ ಇಮ್ಮಡಿ ಬಿಟ್ಟರೆ ಸಾಕು. ಒಂದೇ ಮೋರಿಯ ಪಾಲಿಗೆ ಇದು ಅಜಗಜಾಂತರ ವ್ಯತ್ಯಾಸ.

ಆದರೆ ಕರಾವಳಿಯ ತಗ್ಗು ನೆಲದಲ್ಲಿ ಆಳವಾಗಿ ಅಗೆದು ಫಲವಿಲ್ಲ. ಮಳೆಗಾಲದಲ್ಲಿ ಅಂತರ್ಜಲ ನೆಲದ ಮೇಲ್ಮೈಗೆ ಹತ್ತಿರವಿರುತ್ತದೆ. ಎಷ್ಟು ಅಗೆದರೂ ಗುಂಡಿ ತಳದಿಂದಲೇ ತುಂಬಿಕೊಳ್ಳುತ್ತದೆ. ಅಗೆದ ಆಳವೆಲ್ಲ ಖಾಲಿ ಜಾಗವಾಗಿ ಉಳಿಯುವುದಿಲ್ಲ. ಅಂತಹ ಕಡೆ ಒಂದೂವರೆ ಮೀಟರಿನ ಬದಲು ಮುಕ್ಕಾಲು ಮೀಟರ್ ಎತ್ತರವಷ್ಟೇ ಸಿಗುವುದಾದರೆ, ಕೆರೆಯ ವಿಸ್ತೀರ್ಣ ಒಂದರ ಬದಲು ಎರಡು ಎಕರೆ ಬೇಕಾಗುತ್ತದೆ. ಹೂಳೆತ್ತಿ ಆಳ ಮಾಡಿದ ಮಾತ್ರಕ್ಕೆ ನೆರೆ ತಪ್ಪುತ್ತದೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಹುಸಿಯಾಗುತ್ತದೆ. ಕರಾವಳಿಯಲ್ಲಿ ಆಳಕ್ಕಿಂತ ಹರವು ಮುಖ್ಯ.

ಇನ್ನೂ ಎರಡು ಅಂಗಗಳು ಅವಶ್ಯ. ಒಳಹರಿವಿನ ಬಾಯಿಯಲ್ಲಿ ಒಂದು ಚಿಕ್ಕ ಹೂಳುಗುಂಡಿ ಇದ್ದರೆ ಮಣ್ಣು, ಪ್ಲಾಸ್ಟಿಕ್ ಅಲ್ಲಿಯೇ ತಂಗುತ್ತವೆ; ಪ್ರತಿ ಬೇಸಿಗೆಯಲ್ಲಿ ಅದನ್ನಷ್ಟೇ ತೆಗೆದರೆ ಸಾಕು. ಹಾಗೆಯೇ ಕಡಲಿನ ಏರಿಳಿತ ತಟ್ಟುವ ಜಾಗದಲ್ಲಿ ತೂಬಿನ ಹೊರಬಾಯಿಗೆ ಒಮ್ಮುಖ ಬಾಗಿಲು ಬೇಕು. ಅದು ಇಳಿತದಲ್ಲಿ ತಾನೇ ತೆರೆದು, ಉಬ್ಬರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಇದು ಜಂತ್ರಡಿಯ ಹೊಸ ರೂಪವಲ್ಲದೆ ಬೇರೇನಲ್ಲ.

ಹಕ್ಕಿಗೆ ಬೇಕಾದುದು ಅಂಚು

ನೆರೆಯ ಲೆಕ್ಕಕ್ಕೆ ಖಾಲಿ ಜಾಗ ಹೇಗೋ, ಜೀವಿಗಳ ಲೆಕ್ಕಕ್ಕೆ ಕೆರೆಯ ಅಂಚು ಹಾಗೆ. ಬಹುತೇಕ ನೀರುಹಕ್ಕಿಗಳು ಮೇಯುವುದು ಮೊಣಕಾಲು ಮುಳುಗದ ನೀರಿನಲ್ಲಿ. ಬೆಳ್ಳಕ್ಕಿ, ಕೊಳದ ಬಕ, ಹುಂಡುಕೋಳಿಗಳಿಗೆ ಇಳಿಜಾರಾದ ಕೆಸರು ದಡ ಬೇಕು. ದೇವನಕ್ಕಿಗೆ ತಾವರೆ, ನೈದಿಲೆ ಎಲೆಗಳ ಹಾಸು ಬೇಕು. ಸಿಳ್ಳೆಬಾತುಗಳಿಗೆ ಜೊಂಡಿನ ಮರೆ ಬೇಕು. ನೀರುಕಾಗೆ ಮತ್ತು ಮಿಂಚುಳ್ಳಿಗಳಿಗೆ ಕುಳಿತು ಕಾಯಲು ದಡದ ಮರದ ಕೊಂಬೆ ಬೇಕು. ಕಪ್ಪೆಯ ಮರಿಗಳು ಬೆಳೆಯುವುದೂ ಬೇಗ ಬಿಸಿಯೇರುವ ತೆಳುನೀರಿನಲ್ಲಿಯೇ. ಕಾಳಿ ಅಳಿವೆಯ ಕಾಂಡ್ಲಾ ಕಾಡುಗಳ ಆಸುಪಾಸಿನಲ್ಲಿ ನೀರುನಾಯಿಗಳ ಓಡಾಟವಿದೆ. ಹಳ್ಳದ ದಂಡೆ ಹಸಿರಾಗಿ ಉಳಿದಿದ್ದರೆ ಮಾತ್ರ ಇಂತಹ ಪ್ರಾಣಿಗಳು ನದಿಯಿಂದ ಒಳನಾಡಿನ ನೀರಿನ ತಾಣಗಳಿಗೆ ಬಂದು ಹೋಗಬಲ್ಲವು.

ವಿಪರ್ಯಾಸವೆಂದರೆ, ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುವ ಕಾಮಗಾರಿಗಳಲ್ಲಿ ಮೊದಲು ನಾಶವಾಗುವುದು ಈ ಅಂಚೇ. ಸುತ್ತ ನೆಟ್ಟಗೆ ಕಲ್ಲು ಕಟ್ಟಿ, ದಡಕ್ಕೆ ಕಾಂಕ್ರೀಟು ಹಾಕಿ, ನಡಿಗೆ ಪಥ, ದೀಪ, ಕಾರಂಜಿ ಇಟ್ಟರೆ ನೋಡಲು ಅಂದ. ಆದರೆ ಅದು ಹಕ್ಕಿಯ ಪಾಲಿಗೆ ಕೆರೆಯಲ್ಲ, ತೊಟ್ಟಿ. ದಡದ ಇಳಿಜಾರು ಒಂದು ಅಡಿ ಇಳಿಯಲು ಕನಿಷ್ಠ ಮೂರು ಅಡಿ ಅಡ್ಡ ಸಾಗುವಂತಿದ್ದು, ನೀರಿನಂಚಿನಲ್ಲಿ ಒಂದೆರಡು ಮೀಟರ್ ಅಗಲದ ತೆಳುನೀರಿನ ಪಟ್ಟಿ ಇದ್ದರೆ ಗಿಡ, ಕಪ್ಪೆ, ಹಕ್ಕಿಗಳು ತಾವಾಗಿ ಬರುತ್ತವೆ. ಇದೇ ಇಳಿಜಾರು ಕಾಲು ಜಾರಿದ ಮಗು ಮೇಲೆ ಹತ್ತಿ ಬರಲೂ ಅನುಕೂಲ. ಕೆರೆಯ ಒಂದು ಬದಿಗೆ ನಡಿಗೆ ಪಥ ಇರಲಿ, ಇನ್ನೊಂದು ಬದಿಯನ್ನು ಜನಸಂಚಾರವಿಲ್ಲದೆ ಬಿಡಲಿ ಎಂಬುದು ಎರಡೂ ಕಡೆಗೆ ನ್ಯಾಯ ಒದಗಿಸುವ ಸೂತ್ರ.

ಸೊಳ್ಳೆಯ ಆತಂಕ

ಬಡಾವಣೆಯಲ್ಲಿ ಕೆರೆ ಎಂದೊಡನೆ ಏಳುವ ಮೊದಲ ಆಕ್ಷೇಪ ಸೊಳ್ಳೆಯದು. ಆತಂಕ ನಿರಾಧಾರವೇನಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮುಖ್ಯವಾಗಿ ಮೊಟ್ಟೆಯಿಡುವುದು ಮನೆಯ ಸುತ್ತಲಿನ ಟೈರು, ತೆಂಗಿನ ಚಿಪ್ಪು, ಡ್ರಮ್ಮು, ಹೂಕುಂಡಗಳಲ್ಲಿ ನಿಂತ ನೀರಿನಲ್ಲಿ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆಗಳಿರುವ ಜೀವಂತ ಕೆರೆಯಲ್ಲಿ ಸೊಳ್ಳೆಯ ಮರಿಗಳಿಗೆ ಶತ್ರುಗಳು ಹೆಚ್ಚು. ಕೆರೆ ಸೊಳ್ಳೆಯ ತವರಾಗುವುದು ಅದಕ್ಕೆ ಕೊಳಚೆ ಸೇರಿದಾಗ ಮತ್ತು ನೀರಿನ ಮೇಲೆ ಕಳೆ ಹಬ್ಬಿದಾಗ. ಕೊಳಚೆಯ ಗೊಬ್ಬರಾಂಶವುಂಡು ಜಲಕಳೆ ಬೆಳೆಯುತ್ತದೆ, ಆಮ್ಲಜನಕ ಕುಸಿದು ಮೀನು ಸಾಯುತ್ತದೆ, ಉಳಿಯುವುದು ಸೊಳ್ಳೆ ಮಾತ್ರ. ಆದ್ದರಿಂದ ಮಳೆನೀರಿನ ಚರಂಡಿ ಬೇರೆ, ಶೌಚದ ಕೊಳವೆ ಬೇರೆ ಎಂಬುದು ಕೆರೆಯ ಮೊದಲ ಷರತ್ತು.

ಸೊಳ್ಳೆ ನಿಯಂತ್ರಣಕ್ಕೆಂದು ಗ್ಯಾಂಬೂಸಿಯಾ ಮುಂತಾದ ವಿದೇಶಿ ಮೀನು ಬಿಡುವುದು ಹಳೆಯ ಪದ್ಧತಿ. ಅವು ಕಪ್ಪೆಯ ಮರಿಗಳನ್ನೂ ಸ್ಥಳೀಯ ಸಣ್ಣ ಮೀನುಗಳನ್ನೂ ತಿನ್ನುವುದರಿಂದ, ಹಳ್ಳಕ್ಕೆ ಸಂಪರ್ಕವಿರುವ ಕೆರೆಗಳಿಗೆ ಸ್ಥಳೀಯ ತಳಿಗಳೇ ಲೇಸು.

ಕೆರೆಯಿಂದ ಆಗದ ಕೆಲಸ

ಬಡಾವಣೆಯ ಕೆರೆ ಬಡಾವಣೆಯ ಮಳೆಗಷ್ಟೇ ಉತ್ತರ. ನದಿಯ ಮಹಾಪೂರಕ್ಕೆ ಅದು ಮದ್ದಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದಿಂದ ನೀರು ಹೊರಬಿಟ್ಟಾಗ ಕಾಳಿ ದಂಡೆಯ ಊರುಗಳು ಜಲಾವೃತವಾದವು. ಅದೇ ವರ್ಷ ಹಾಗೂ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲ್ಲೂಕಿನ ಗ್ರಾಮಗಳನ್ನು ಮುಳುಗಿಸಿತು. ಅಂತಹ ಪ್ರವಾಹವನ್ನು ಎದುರಿಸಲು ಬೇಕಾದುದು ಜಲಾಶಯಗಳ ಮುನ್ನೆಚ್ಚರಿಕೆಯ ನಿರ್ವಹಣೆ, ಸಕಾಲಿಕ ಸೂಚನೆ ಮತ್ತು ನದಿಪಾತ್ರದಿಂದ ದೂರವಿರುವ ವಸತಿ.

ಎರಡನೆಯ ಮಿತಿ ಬೆಟ್ಟದ್ದು. 2009ರ ಅಕ್ಟೋಬರ್‌ನಲ್ಲಿ ಕಾರವಾರ ಸಮೀಪದ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಮೃತಪಟ್ಟರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿಗೆ ಕುಸಿದು 11 ಮಂದಿ ಮೃತಪಟ್ಟರು ಅಥವಾ ಕಣ್ಮರೆಯಾದರು. ನೀರು ಕುಡಿದು ಭಾರವಾದ ಮಣ್ಣು ಕಡಿದಾದ ಇಳಿಜಾರಿನಲ್ಲಿ ಹಿಡಿತ ಕಳೆದುಕೊಳ್ಳುವುದು ಇಂತಹ ದುರಂತಗಳ ಮುಖ್ಯ ಕಾರಣಗಳಲ್ಲೊಂದು. ಆದ್ದರಿಂದ ಗುಡ್ಡದ ನೆತ್ತಿಯಲ್ಲಿ ಅಥವಾ ಬುಡ ಕೊರೆದ ಇಳಿಜಾರಿನ ಮೇಲೆ ಹೊಂಡ ತೋಡಿ ನೀರು ಇಂಗಿಸುವುದು ಅಪಾಯಕಾರಿ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವೆನಿಸಿದ ಇಂಗುಗುಂಡಿ ಇಲ್ಲಿ ಜಾಗ ತಪ್ಪಿದರೆ ಅನಾಹುತಕ್ಕೆ ದಾರಿಯಾದೀತು. ಕೆರೆಯ ಸ್ಥಾನ ಬೆಟ್ಟದ ಬುಡದಿಂದ ದೂರದ ತಗ್ಗಿನಲ್ಲಿ.

ಹೊರಗಿನ ಅನುಭವ

ಕೆರೆ ಮತ್ತು ಕಾಲುವೆಗಳ ಸರಪಳಿ ತುಂಡಾದರೆ ಏನಾಗುತ್ತದೆ ಎಂಬುದಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮತ್ತು ಮಹದೇವಪುರ ಭಾಗ ಮುಳುಗಿದ್ದೇ ನಿದರ್ಶನ. ಅಲ್ಲಿ ಕೆರೆಗಳು ಇದ್ದರೂ ಅವುಗಳನ್ನು ಜೋಡಿಸುವ ರಾಜಕಾಲುವೆಗಳು ಒತ್ತುವರಿಯಾಗಿದ್ದವು. ಜಿಲ್ಲೆಯಲ್ಲಿಯೇ ಶಿರಸಿಯ ನಾಗರಿಕರು ಜೀವಜಲ ಕಾರ್ಯಪಡೆ ಕಟ್ಟಿಕೊಂಡು ಪಟ್ಟಣದ ಕೆರೆಗಳ ಹೂಳೆತ್ತಿದ್ದು ಸಾರ್ವಜನಿಕ ಹೊಣೆಗಾರಿಕೆಯ ಉತ್ತಮ ಮಾದರಿ. ಘಟ್ಟದ ಮೇಲಿನ ಆ ಕೆಲಸದ ಗುರಿ ಮುಖ್ಯವಾಗಿ ಬೇಸಿಗೆಯ ನೀರು. ಘಟ್ಟದ ಕೆಳಗಿನ ಊರುಗಳು ಅದರ ಉತ್ಸಾಹವನ್ನು ಅನುಸರಿಸಬಹುದು, ವಿನ್ಯಾಸವನ್ನಲ್ಲ.

ಬ್ರಿಟನ್ 2007ರ ಪ್ರವಾಹದ ನಂತರ 2010ರಲ್ಲಿ ಪ್ರವಾಹ ಮತ್ತು ಜಲ ನಿರ್ವಹಣಾ ಕಾಯ್ದೆ ತಂದು, ಮಳೆನೀರನ್ನು ಬಿದ್ದಲ್ಲಿಯೇ ತಡೆಯುವ ಕೊಳ, ಹುಲ್ಲುಗಾಲುವೆಗಳಿಗೆ ಒತ್ತು ನೀಡಿತು. ನೀರನ್ನು ಹೀರಿ ನಿಧಾನವಾಗಿ ಬಿಡುವ ನಗರಗಳ ಕಾರ್ಯಕ್ರಮವನ್ನು ಚೀನಾ ಕಳೆದ ದಶಕದಲ್ಲಿ ಕೈಗೆತ್ತಿಕೊಂಡಿತು. ಎರಡೂ ಕಡೆಯ ತತ್ತ್ವ ಒಂದೇ: ನೀರನ್ನು ಬೇಗ ಓಡಿಸುವುದಲ್ಲ, ನಿಧಾನಗೊಳಿಸುವುದು.

ಕಾನೂನು ಎಲ್ಲಿ ನಿಂತಿದೆ

ಗ್ರಾಮದ ಸಾರ್ವಜನಿಕ ಕೆರೆಕಟ್ಟೆಗಳ ಒತ್ತುವರಿಯನ್ನು ತೆರವುಗೊಳಿಸಲು ರಾಜ್ಯಗಳು ಕ್ರಮ ಕೈಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನಿರ್ದೇಶಿಸಿದೆ. ರಾಜ್ಯದಲ್ಲಿ ಕೆರೆಗಳ ಸಂರಕ್ಷಣೆಗೆ 2014ರ ಕಾಯ್ದೆಯೂ ಪ್ರಾಧಿಕಾರವೂ ಇವೆ. ಕೇಂದ್ರ ಸರಕಾರ 2022ರ ಏಪ್ರಿಲ್‌ನಲ್ಲಿ ಆರಂಭಿಸಿದ ಅಮೃತ ಸರೋವರ ಯೋಜನೆ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು ಎಕರೆ ವಿಸ್ತೀರ್ಣದ 75 ಕೆರೆಗಳ ಗುರಿ ಹಾಕಿಕೊಂಡಿತು. ಅಲ್ಲಿ ಅಳತೆಗೋಲು ಸುಮಾರು 10,000 ಘನ ಮೀಟರ್ ನೀರಿನ ಸಂಗ್ರಹ. ಎಷ್ಟು ನೀರು ನಿಲ್ಲುತ್ತದೆ ಎಂಬುದು ಲೆಕ್ಕ. ಎಷ್ಟು ಜಾಗ ಖಾಲಿ ಉಳಿಯುತ್ತದೆ ಎಂಬುದಲ್ಲ.

ಇದಕ್ಕಿಂತ ದೊಡ್ಡ ಕೊರತೆ ಜೌಗು ಪ್ರದೇಶಗಳ 2017ರ ನಿಯಮಗಳಲ್ಲಿದೆ. ಆ ನಿಯಮಗಳ ವ್ಯಾಖ್ಯೆಯಿಂದ ಭತ್ತದ ಗದ್ದೆ, ನೀರಾವರಿಗೆ, ಉಪ್ಪು ತಯಾರಿಕೆಗೆ ಮತ್ತು ಮೀನು ಸಾಕಣೆಗೆ ನಿರ್ಮಿಸಿದ ರಚನೆಗಳನ್ನು ಹೊರಗಿಡಲಾಗಿದೆ. ಅಂದರೆ ನೆರೆ ತಡೆಯುವ ಕೆಲಸವನ್ನು ಅತಿ ಹೆಚ್ಚು ಮಾಡುವ ಗದ್ದೆಬಯಲಿಗೆ ಆ ಹೆಸರಿನ ರಕ್ಷಣೆಯಿಲ್ಲ. ಪಕ್ಕದ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ ಅಂತಾರಾಷ್ಟ್ರೀಯ ಮನ್ನಣೆ ದೊರೆತಿದೆ. ಕಾಳಿ, ಗಂಗಾವಳಿ ಅಳಿವೆಗಳಿಗೆ ಅಂತಹ ಮನ್ನಣೆಯಿಲ್ಲ. ಉಬ್ಬರದ ನೀರು ತಟ್ಟುವ ಪಟ್ಟಿಗೆ ಮತ್ತು ಕಾಂಡ್ಲಾ ಕಾಡಿಗೆ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ರಕ್ಷಣೆ ಇದೆ. ಅದರಾಚೆಯ ಸಿಹಿನೀರಿನ ಗದ್ದೆಗಳಿಗೆ ಉಳಿದಿರುವುದು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ನೀಡಬೇಕಾದ ಭೂಪರಿವರ್ತನೆ ಅನುಮತಿಯೊಂದೇ.

ಆದ್ದರಿಂದ ನಿರ್ಣಾಯಕ ಹಂತ ಇರುವುದು ಅಲ್ಲಿಯೇ. ಗದ್ದೆಯನ್ನು ಬಡಾವಣೆಯಾಗಿ ಪರಿವರ್ತಿಸಲು ಅನುಮತಿ ಕೊಡುವಾಗ, ಆ ಗದ್ದೆ ಹಿಡಿಯುತ್ತಿದ್ದಷ್ಟು ನೀರನ್ನು ಹಿಡಿಯುವ ಜಾಗ ನಕ್ಷೆಯಲ್ಲಿದೆಯೇ ಎಂಬ ಒಂದೇ ಪ್ರಶ್ನೆ ಕೇಳಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಉದ್ಯಾನಕ್ಕೆಂದು ಹೇಗೂ ಮೀಸಲಿಡಬೇಕಾದ ಜಾಗವನ್ನು ಎತ್ತರಿಸದೆ, ತಗ್ಗಿನಲ್ಲಿಯೇ ಬಿಟ್ಟು ಅಲ್ಲಿ ಕೆರೆ ಮಾಡಬಹುದು. ಕೇಣಿಯಲ್ಲಿ ಬಂದರು, ಅಲಗೇರಿಯಲ್ಲಿ ವಿಮಾನ ನಿಲ್ದಾಣ ಎಂಬ ಯೋಜನೆಗಳ ಹಿನ್ನೆಲೆಯಲ್ಲಿ ಅಂಕೋಲೆಯ ಸುತ್ತ ನಿವೇಶನಗಳ ಬೇಡಿಕೆ ಏರುವುದಾದರೆ, ಈ ಪ್ರಶ್ನೆಯನ್ನು ಮಣ್ಣು ಸುರಿಯುವ ಮೊದಲೇ ಕೇಳಬೇಕಾಗುತ್ತದೆ.

ನಿವೇಶನ ಕೊಳ್ಳುವವರು ಗಮನಿಸಬೇಕಾದುದು

* ಜಾಗವನ್ನು ಬೇಸಿಗೆಯಲ್ಲಿ ಮಾತ್ರವಲ್ಲ, ಜುಲೈನಲ್ಲಿಯೂ ಒಮ್ಮೆ ನೋಡಬೇಕು. ಹಳೆಯ ಪಹಣಿ ಮತ್ತು ಗ್ರಾಮನಕ್ಷೆಯಲ್ಲಿ ಅದು ಗದ್ದೆಯೋ, ಗಜನಿಯೋ, ಹಳ್ಳದ ಪಾತ್ರವೋ ಎಂದು ಪರಿಶೀಲಿಸಬೇಕು.

* ಬಡಾವಣೆಯ ಮಳೆನೀರು ಯಾವ ಮೋರಿಯ ಮೂಲಕ, ಯಾವ ಹಳ್ಳಕ್ಕೆ ಸೇರುತ್ತದೆ ಎಂಬುದನ್ನು ನಕ್ಷೆಯಲ್ಲಿ ತೋರಿಸುವಂತೆ ಕೇಳಬೇಕು.

* ಕೆರೆ ಇದ್ದರೆ ಅದಕ್ಕೆ ಕೆಳಮಟ್ಟದ ತೂಬು ಮತ್ತು ಮೇಲ್ಮಟ್ಟದ ಕೋಡಿ ಎರಡೂ ಇವೆಯೇ ಎಂದು ನೋಡಬೇಕು. ತೂಬಿಲ್ಲದ ಕೆರೆ ಅಲಂಕಾರಕ್ಕೆ ಮಾತ್ರ.

* ತೂಬಿನ ಬಾಯಿ, ಹೂಳುಗುಂಡಿ ಮತ್ತು ಒಮ್ಮುಖ ಬಾಗಿಲನ್ನು ಮೇ ತಿಂಗಳಲ್ಲಿ ಸ್ವಚ್ಛಗೊಳಿಸುವ ಹೊಣೆ ನಗರಸಭೆಯದೋ, ಪುರಸಭೆಯದೋ, ನಿವಾಸಿಗಳ ಸಂಘದ್ದೋ ಎಂಬುದು ಲಿಖಿತವಾಗಿರಬೇಕು.

* ಶೌಚದ ನೀರು ಕೆರೆಗೆ ಸೇರುತ್ತಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು.

ಗಜನಿಯಲ್ಲಿ ಜಂತ್ರಡಿ ಕಾಯುವವನು ಉಬ್ಬರ ಇಳಿತದ ಹೊತ್ತು ತಪ್ಪಿಸುವಂತಿರಲಿಲ್ಲ. ತಪ್ಪಿದರೆ ಊರಿನ ಬೆಳೆಯೇ ಹೋಗುತ್ತಿತ್ತು. ಬಡಾವಣೆಯ ಕೆರೆಗೂ ಅಂತಹ ಒಬ್ಬ ಕಾವಲುಗಾರ ಬೇಕು. ಅಲ್ಲಿಯವರೆಗೆ, ಮಳೆಗಾಲದ ರಾತ್ರಿಗಳಲ್ಲಿ ಎಚ್ಚರವಾಗಿದ್ದು ಅಂಗಳದ ನೀರಿನ ಮಟ್ಟ ನೋಡುತ್ತ ಕೂರುವ ಕೆಲಸ ತಗ್ಗಿನ ಮನೆಯವರದೇ ಆಗಿರುತ್ತದೆ.